ಹಳೆಯ ಕಾರುಗಳ ಹಿಂದಿನ ಆಕ್ಸಲ್ ಬದಲಾವಣೆ

ಹಳೆಯ ಕಾರಿನ ಹಿಂದಿನ ಆಕ್ಸಲನ್ನು ಇಡಿಯಾಗಿ ತೆಗೆದು ಬೇರೊಂದನ್ನು ಕೂರಿಸುವುದು, ಇಲ್ಲವೇ ಅದರ ಒಳಗಿನ ಕ್ರೌನ್ ಮತ್ತು ಪಿನಿಯನ್ ಜೋಡಿಯನ್ನು ಮಾತ್ರ ಬದಲಿಸಿ ಹಲ್ಲಿನ ಅನುಪಾತವನ್ನು ಮಾರ್ಪಡಿಸುವುದು. ಈ ಎರಡನ್ನೂ ಆಕ್ಸಲ್ ಬದಲಾವಣೆ ಎಂದೇ ಕರೆಯುವುದುಂಟು, ಆದರೆ ಕೆಲಸದ ದೃಷ್ಟಿಯಿಂದ ಇವುಗಳ ನಡುವೆ ಬಹಳ ಅಂತರವಿದೆ. ಮುಖ್ಯ ಉದ್ದೇಶ ಇಂದಿನ ರಸ್ತೆಯ ವೇಗದಲ್ಲಿ ಎಂಜಿನ್ ಕಿರುಚದೆ, ಕಾಯದೆ ಓಡುವಂತೆ ಮಾಡುವುದು. ಮೂಲ ಆಕ್ಸಲ್‌ಗೆ ಬಿಡಿಭಾಗ ಸಿಗದಿರುವುದು, ಹೆಚ್ಚು ಶಕ್ತಿಯ ಎಂಜಿನ್ ಹಾಕಿದಾಗ ಹಳೆಯ ಶಾಫ್ಟ್‌ಗಳು ತಾಳದಿರುವುದು, ಒಳ್ಳೆಯ ಬ್ರೇಕ್ ಬೇಕೆನಿಸುವುದು ಇತರ ಕಾರಣಗಳು. ಬ್ರಿಟನ್ ಮತ್ತು ಅಮೆರಿಕದಲ್ಲಿ ಈ ಪದ್ಧತಿಗೆ ದೀರ್ಘ ಚರಿತ್ರೆಯಿದೆ. ಚಾಲನೆಯ ಸುಖ ಹೆಚ್ಚುವುದು ಬಹುಪಾಲು ಅನುಪಾತದಿಂದಲೇ ಹೊರತು ಆಕ್ಸಲ್‌ನ ಕವಚದಿಂದಲ್ಲ. ಇಡೀ ಆಕ್ಸಲ್ ಕಸಿ ಮಾಡಿದ ಅನೇಕ ಕಾರುಗಳಿಗೆ ಒಳಗಿನ ಎರಡು ಗೇರುಗಳ ಬದಲಾವಣೆಯೇ ಸಾಕಾಗುತ್ತಿತ್ತು.

ಅನುಪಾತ ಮತ್ತು ಎಂಜಿನ್ ವೇಗ

ಎಂಜಿನ್ನಿನಿಂದ ಗೇರ್‌ಬಾಕ್ಸ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಮೂಲಕ ಬಂದ ತಿರುಗುವಿಕೆ ಆಕ್ಸಲ್‌ನಲ್ಲಿ ಪಿನಿಯನ್ ಎಂಬ ಚಿಕ್ಕ ಗೇರಿಗೆ ತಲುಪುತ್ತದೆ. ಅದು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಇಲ್ಲಿ ಚಲನೆಯ ದಿಕ್ಕು ಲಂಬಕೋನಕ್ಕೆ ಹೊರಳುತ್ತದೆ, ವೇಗ ಇಳಿಯುತ್ತದೆ, ತಿರುಚು ಬಲ ಏರುತ್ತದೆ. ಕ್ರೌನಿನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ 40ಕ್ಕೆ 11, ಅಂದರೆ 3.64. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಅದೇ ವೇಗಕ್ಕೆ ಎಂಜಿನ್ ತಿರುಗಬೇಕಾದ ಸುತ್ತುಗಳೂ ಜಾಸ್ತಿ.

ಬ್ರಿಟಿಷ್ ಕಾರು ಮಾರಿಸ್ ಮೈನರ್ ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ತಯಾರಕರೇ ಎಂಜಿನ್ ಬದಲಿಸಿದಂತೆಲ್ಲ ಆಕ್ಸಲ್ ಅನುಪಾತವನ್ನೂ ಬದಲಿಸುತ್ತ ಹೋದರು. 803 ಸಿಸಿ ಎಂಜಿನ್ ಇದ್ದಾಗ ಅದು 5.375 (ಹಲ್ಲುಗಳು 43 ಮತ್ತು 8), 948 ಸಿಸಿ ಬಂದಾಗ 4.555 (41 ಮತ್ತು 9), 1098 ಸಿಸಿಗೆ 4.22 (38 ಮತ್ತು 9). ಚಕ್ರದ ಉರುಳು ಸುತ್ತಳತೆ 1.8 ಮೀಟರ್ ಎಂದು ಹಿಡಿದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 740 ಸುತ್ತು ಹಾಕುತ್ತದೆ. ಟಾಪ್ ಗೇರಿನಲ್ಲಿ ಆಗ ಎಂಜಿನ್ 5.375 ಅನುಪಾತದಲ್ಲಿ ಹೆಚ್ಚುಕಡಿಮೆ 3,980 ಸುತ್ತು, 4.555ರಲ್ಲಿ 3,375, 4.22ರಲ್ಲಿ 3,130 ಸುತ್ತು ತಿರುಗಬೇಕು. ಅದೇ ಕಾರಿಗೆ 3.9ರ ಜೋಡಿ ಹಾಕಿದರೆ 2,890ಕ್ಕೆ ಇಳಿಯುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವಿನ ವ್ಯತ್ಯಾಸ ನಿಮಿಷಕ್ಕೆ ಸಾವಿರ ಸುತ್ತಿಗಿಂತ ಹೆಚ್ಚು. ಕಾರಿನೊಳಗೆ ಕುಳಿತವರಿಗೆ ಮಾತು ಕೇಳಿಸುವುದಕ್ಕೂ ಕೇಳಿಸದಿರುವುದಕ್ಕೂ ಇರುವ ಅಂತರವೂ ಅಷ್ಟೇ.

ಹಿಂದಿನವರು ಹಾಗೇಕೆ ಮಾಡಿದರು

ಇಷ್ಟು ದೊಡ್ಡ ಅನುಪಾತ ಆರಿಸಿಕೊಂಡ ಅಂದಿನ ಎಂಜಿನಿಯರುಗಳಿಗೆ ಲೆಕ್ಕ ತಪ್ಪಿರಲಿಲ್ಲ. ಎಂಜಿನ್ನುಗಳು ದುರ್ಬಲವಾಗಿದ್ದವು, ಗೇರ್‌ಬಾಕ್ಸ್‌ಗಳಲ್ಲಿ ಗೇರುಗಳನ್ನು ಸುಲಭವಾಗಿ ಕೂಡಿಸುವ ಸಿಂಕ್ರೋಮೆಶ್ ಸಾಮಾನ್ಯವಾಗಿ ಇರಲಿಲ್ಲ, ಅನೇಕವುಗಳಲ್ಲಿ ಮೂರೇ ಗೇರುಗಳಿದ್ದವು. ಗೇರ್ ಬದಲಿಸುವುದು ಚಾಲಕರಿಗೆ ಬೇಡದ ಕೆಲಸವಾಗಿತ್ತು. ಟಾಪ್ ಗೇರಿನಲ್ಲೇ ನಡಿಗೆಯ ವೇಗದಿಂದ ಎದ್ದು ಗುಡ್ಡ ಹತ್ತಬಲ್ಲ ಕಾರು ಒಳ್ಳೆಯ ಕಾರು ಎಂದು ಜಾಹೀರಾತುಗಳು ಹೊಗಳುತ್ತಿದ್ದ ಕಾಲ ಅದು. ಬ್ರಿಟನ್ನಿನಲ್ಲಿ ತೆರಿಗೆಯ ಪಾತ್ರವೂ ಇತ್ತು: ಅಲ್ಲಿಯ ಅಶ್ವಶಕ್ತಿ ತೆರಿಗೆ ಸಿಲಿಂಡರುಗಳ ವ್ಯಾಸ ಮತ್ತು ಸಂಖ್ಯೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದುದರಿಂದ ತಯಾರಕರು ಕಿರಿದಾದ, ಉದ್ದ ಸ್ಟ್ರೋಕಿನ ಎಂಜಿನ್ನುಗಳಿಗೆ ಒಗ್ಗಿಕೊಂಡರು. ಉದ್ದ ಸ್ಟ್ರೋಕ್ ಎಂದರೆ ಪಿಸ್ಟನ್ ಪ್ರತಿ ಸುತ್ತಿಗೂ ಹೆಚ್ಚು ದೂರ ಓಡಬೇಕು. ಹೆಚ್ಚು ಸುತ್ತುಗಳಲ್ಲಿ ಬಹಳ ಹೊತ್ತು ಓಡಿದರೆ ಸವೆತ ಬೇಗ. ಅಂಥ ಎಂಜಿನ್ನಿಗೆ ದೊಡ್ಡ ಅನುಪಾತದ ಆಕ್ಸಲ್ ಜೋಡಿಸಿ ಇಂದಿನ ಹೆದ್ದಾರಿಗೆ ಬಿಟ್ಟರೆ ಆಗುವ ಕಷ್ಟ ಅಂದು ಕಾಣಿಸುತ್ತಿರಲಿಲ್ಲ, ಏಕೆಂದರೆ ಅಂದು ಆ ಹೆದ್ದಾರಿಯೇ ಇರಲಿಲ್ಲ.

ಫೋರ್ಡ್ ಮಾಡೆಲ್ ಎ (1927ರ ಕೊನೆಯಿಂದ 1931ರವರೆಗೆ) ಈ ಕಾಲದ ಪ್ರತಿನಿಧಿ. 3.3 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 2,200 ಸುತ್ತಿನಲ್ಲಿ 40 ಅಶ್ವಶಕ್ತಿ, 108 ಮಿಲಿಮೀಟರ್ ಸ್ಟ್ರೋಕ್, ಸಾಮಾನ್ಯ ಆಕ್ಸಲ್ ಅನುಪಾತ 3.78. 19 ಇಂಚಿನ ಚಕ್ರದ ಮಾದರಿ ಗಂಟೆಗೆ 80 ಕಿಲೋಮೀಟರ್ ಓಡುವಾಗ ಎಂಜಿನ್ ಸುಮಾರು 2,200 ಸುತ್ತಿನಲ್ಲಿರುತ್ತದೆ, ಅಂದರೆ ಅದರ ಗರಿಷ್ಠ ಶಕ್ತಿಯ ಬಿಂದುವಿನಲ್ಲೇ ನಿಂತಿರುತ್ತದೆ. ಅದರ ಬೇರಿಂಗುಗಳು ಸುರಿದು ಮಾಡಿದ ಬ್ಯಾಬಿಟ್ ಲೋಹದವು, ಕನೆಕ್ಟಿಂಗ್ ರಾಡುಗಳಿಗೆ ಎಣ್ಣೆ ಸಿಗುವುದು ಎರಚುವ ವಿಧಾನದಿಂದ. ಗಂಟೆಗಟ್ಟಲೆ ಹೀಗೆ ಓಡಿಸಲು ಅದನ್ನು ಯಾರೂ ವಿನ್ಯಾಸ ಮಾಡಿರಲಿಲ್ಲ. ಇದಕ್ಕಾಗಿ ಇಂದು 3.54 ಮತ್ತು 3.27ರ ಹೊಸ ಜೋಡಿಗಳು ಮಾರಾಟದಲ್ಲಿವೆ. ಅವು ಎಂಜಿನ್ ವೇಗವನ್ನು ಕ್ರಮವಾಗಿ ಸುಮಾರು 2,080 ಮತ್ತು 1,920ಕ್ಕೆ ಇಳಿಸುತ್ತವೆ.

ಎರಡು ವೇಗದ ಆಕ್ಸಲ್‌ಗಳು

ಒಂದೇ ಅನುಪಾತದಿಂದ ಗುಡ್ಡವನ್ನೂ ಬಯಲನ್ನೂ ಗೆಲ್ಲಲಾಗದು ಎಂಬ ತಿಳಿವಳಿಕೆ ಹೊಸದಲ್ಲ. 1920ರ ದಶಕದಲ್ಲಿ ಮಾಡೆಲ್ ಟಿ ಕಾರುಗಳಿಗೆ ರಕ್‌ಸ್ಟೆಲ್ ಎಂಬ ಎರಡು ವೇಗದ ಆಕ್ಸಲ್ ಬಂತು. ಇದಕ್ಕೆ ಫೋರ್ಡ್ ಕಂಪನಿಯ ಒಪ್ಪಿಗೆಯೂ ಇತ್ತು. ಎರಡೇ ಗೇರುಗಳ ಮಾಡೆಲ್ ಟಿಗೆ ಅದು ನಡುವಿನ ಗೇರೊಂದನ್ನು ಕೊಟ್ಟಿತು, ಸರಕು ಹೊತ್ತು ಏರು ಹತ್ತುವವರಿಗೆ ವರವಾಯಿತು. 1930ರ ದಶಕದಲ್ಲಿ ಕೊಲಂಬಿಯಾ ಆಕ್ಸಲ್ ಇದರ ವಿರುದ್ಧ ದಿಕ್ಕಿನಲ್ಲಿ ಯೋಚಿಸಿತು: ಸಾಮಾನ್ಯ ಅನುಪಾತದ ಜೊತೆಗೆ ಹೆದ್ದಾರಿಗೆಂದು ಇನ್ನೊಂದು. 1932ರ ಆಬರ್ನ್ ಕಾರುಗಳಲ್ಲಿ ಅದು ಕಂಪನಿಯಿಂದಲೇ ದೊರೆಯುತ್ತಿತ್ತು, ಫೋರ್ಡ್ ವಿ-8ಗಳಿಗೂ ಹಾಕುತ್ತಿದ್ದರು. 1934ರ ಕ್ರೈಸ್ಲರ್ ಏರ್‌ಫ್ಲೋದಲ್ಲಿ ಬಂದ ಓವರ್‌ಡ್ರೈವ್ ಇದೇ ಕೆಲಸವನ್ನು ಗೇರ್‌ಬಾಕ್ಸ್ ಬಳಿ ಮಾಡತೊಡಗಿತು. ಎರಡನೇ ಮಹಾಯುದ್ಧದ ನಂತರದ ಬ್ರಿಟಿಷ್ ಕಾರುಗಳಲ್ಲಿ ಲೇಕಾಕ್ ಡಿ ನಾರ್ಮನ್‌ವಿಲ್ ಓವರ್‌ಡ್ರೈವ್ ಅದನ್ನು ಜನಪ್ರಿಯಗೊಳಿಸಿತು. ಹಳೆಯ ಕಾರಿನ ಮಾಲೀಕ ಆಕ್ಸಲ್‌ಗೆ ಕೈಹಾಕುವ ಮುನ್ನ ಈ ದಾರಿಯನ್ನು ಯೋಚಿಸುವುದು ಲೇಸು. ಓವರ್‌ಡ್ರೈವ್ ಬೇಡವಾದಾಗ ನಿಲ್ಲಿಸಬಹುದು. ಆಕ್ಸಲ್ ಅನುಪಾತ ಒಮ್ಮೆ ಬದಲಾಯಿತೆಂದರೆ ಎಲ್ಲ ಗೇರುಗಳಿಗೂ, ರಿವರ್ಸಿಗೂ ಬದಲಾದಂತೆ.

ಮಾಡೆಲ್ ಟಿಯ ಆಕ್ಸಲ್ ವಿಚಾರದಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ಅದರ ಕಾಲಿನ ಬ್ರೇಕು ಚಕ್ರಗಳ ಮೇಲಲ್ಲ, ಗೇರ್‌ಬಾಕ್ಸ್‌ನ ಡ್ರಮ್ಮಿನ ಮೇಲೆ ಕೆಲಸ ಮಾಡುತ್ತದೆ. ಆಕ್ಸಲ್‌ನೊಳಗಿನ ಬ್ಯಾಬಿಟ್ ಲೋಹದ ತ್ರಸ್ಟ್ ವಾಷರುಗಳು ಕಾಲಕ್ರಮೇಣ ಪುಡಿಯಾಗುತ್ತವೆ, ಆಗ ಕ್ರೌನ್ ಪಿನಿಯನ್ನಿನಿಂದ ದೂರ ಸರಿಯುತ್ತದೆ. ಹಲ್ಲುಗಳು ಬಿಟ್ಟುಕೊಂಡ ಕ್ಷಣ ಎಳೆತದ ಜೊತೆ ಕಾಲಿನ ಬ್ರೇಕೂ ಹೋಗುತ್ತದೆ. ಉಳಿಯುವುದು ಕೈ ಲಿವರಿನ ಚಿಕ್ಕ ಬ್ರೇಕುಗಳು. ರಕ್‌ಸ್ಟೆಲ್ ಲಿವರ್ ಎರಡು ಸ್ಥಾನಗಳ ನಡುವೆ ಸಿಕ್ಕಿಕೊಂಡರೂ ಇದೇ ಗತಿ. ಆದ್ದರಿಂದ ಮಾಡೆಲ್ ಟಿ ಬಲ್ಲವರು ಮೊದಲು ಕಂಚಿನ ವಾಷರು ಹಾಕಿಸಿ, ಹಿಂಚಕ್ರಗಳಿಗೆ ಹೆಚ್ಚುವರಿ ಬ್ರೇಕು ಕೂರಿಸಿ, ಆಮೇಲೆ ವೇಗದ ಮಾತಾಡುತ್ತಾರೆ.

ಮಾರಿಸ್ ಮೈನರ್: ಮನೆಯೊಳಗಿನ ಬದಲಾವಣೆ

ಅಲೆಕ್ ಇಸ್ಸಿಗೊನಿಸ್ ವಿನ್ಯಾಸ ಮಾಡಿದ ಮೈನರ್ 1948ರ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಹೊರಬಂದು 1970ರ ದಶಕದ ಆರಂಭದವರೆಗೂ ತಯಾರಾಯಿತು. ಪಶ್ಚಿಮ ಬಂಗಾಳದ ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸ್ ಇದರ ಆರಂಭದ ಮಾದರಿಯನ್ನು ಬೇಬಿ ಹಿಂದುಸ್ತಾನ್ ಎಂಬ ಹೆಸರಿನಲ್ಲಿ ಮಾರಿದ್ದರಿಂದ ಭಾರತಕ್ಕೂ ಇದು ಪರಿಚಿತ.

ಮೊದಲ ಮೈನರ್‌ಗಳಲ್ಲಿ ಮಾರಿಸ್ ಎಯ್ಟ್‌ನಿಂದ ಬಂದ 918 ಸಿಸಿಯ ಸೈಡ್‌ವಾಲ್ವ್ ಎಂಜಿನ್ ಇತ್ತು. 1952ರಿಂದ ಆಸ್ಟಿನ್ನಿನ 803 ಸಿಸಿ ಎಂಜಿನ್ ಬಂತು; ಚಿಕ್ಕ ಎಂಜಿನ್ನಿಗೆ ಎಳೆತ ಒದಗಿಸಲೆಂದೇ ಐದಕ್ಕೂ ಮೀರಿದ ಅನುಪಾತ. ಈ ಕಾರು ಗಂಟೆಗೆ 100 ಕಿಲೋಮೀಟರ್ ಮುಟ್ಟಬೇಕಾದರೆ ಎಂಜಿನ್ 5,000 ಸುತ್ತಿನ ಹತ್ತಿರ ಹೋಗಬೇಕು. 1956ರ ಮೈನರ್ 1000 ಮತ್ತು 1962ರ 1098 ಸಿಸಿ ಮಾದರಿಗಳು ಈ ಕಷ್ಟವನ್ನು ಹಂತಹಂತವಾಗಿ ಕಡಿಮೆ ಮಾಡಿದವು.

ಮೈನರ್ ಮಾಲೀಕರ ಅದೃಷ್ಟವೆಂದರೆ ಮಾರಿಸ್ ಮತ್ತು ಆಸ್ಟಿನ್ ಸೇರಿ ಆದ ಬಿಎಂಸಿ ಕಂಪನಿ ಅದೇ ಕುಟುಂಬದ ಆಕ್ಸಲನ್ನು ಆಸ್ಟಿನ್-ಹೀಲಿ ಸ್ಪ್ರೈಟ್ ಮತ್ತು ಎಂಜಿ ಮಿಡ್ಜೆಟ್ ಕಾರುಗಳಲ್ಲೂ ಬಳಸಿದ್ದು. ಇದರಲ್ಲಿ ಕ್ರೌನ್ ಮತ್ತು ಪಿನಿಯನ್ ಜೋಡಿಯನ್ನು ಹೊತ್ತ ಡಿಫರೆನ್ಷಿಯಲ್ ಒಂದು ಪ್ರತ್ಯೇಕ ಗಡ್ಡೆಯಂತೆ ಮುಂದಿನಿಂದ ಬೋಲ್ಟ್ ಮೂಲಕ ಕೂರುತ್ತದೆ. ಚಕ್ರದ ಹಬ್ ಬೇರಿಂಗ್ ಕವಚದ ಮೇಲೆಯೇ ಇರುವುದರಿಂದ ಆಕ್ಸಲ್ ಶಾಫ್ಟನ್ನು ಸುಲಭವಾಗಿ ಹೊರಗೆಳೆಯಬಹುದು, ಶಾಫ್ಟ್ ಮುರಿದರೂ ಚಕ್ರ ಕಳಚಿ ಹೋಗುವುದಿಲ್ಲ. ಎರಡು ಶಾಫ್ಟುಗಳನ್ನು ಒಂದಷ್ಟು ಹೊರಗೆಳೆದು, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಡಿಫರೆನ್ಷಿಯಲ್ ಗಡ್ಡೆಯನ್ನು ಇಳಿಸಿ, ಮಿಡ್ಜೆಟ್‌ನ 3.9 ಅಥವಾ 1970ರ ದಶಕದ ಕೊನೆಯ ಮಾದರಿಗಳ 3.7ರ ಗಡ್ಡೆಯನ್ನು ಏರಿಸಿದರೆ ಮುಗಿಯಿತು. ಶಾಫ್ಟಿನ ತುದಿಯ ಸ್ಪ್ಲೈನ್ ಹಲ್ಲುಗಳು ಎರಡರಲ್ಲೂ ಒಂದೇ ಇವೆಯೇ ಎಂದು ಖರೀದಿಗೆ ಮುನ್ನ ಎಣಿಸಿಕೊಂಡಿರಬೇಕು, ಅಷ್ಟೇ. ಕಾರಿನ ಹೊರನೋಟಕ್ಕೆ ಏನೂ ಬದಲಾಗಿರುವುದಿಲ್ಲ. ಆರಂಭಿಕ ಸರಣಿಗಳ ಆಕ್ಸಲ್ ಮಾತ್ರ ಬೇರೆ ವಿನ್ಯಾಸದ್ದು, ಅದಕ್ಕೆ ಈ ಗಡ್ಡೆ ಹೊಂದುವುದಿಲ್ಲ.

ಇನ್ನೂ ಧೈರ್ಯಶಾಲಿಗಳು ರೈಲಿ ಒನ್-ಪಾಯಿಂಟ್-ಫೈವ್ ಅಥವಾ ವೂಲ್ಸ್‌ಲಿ 1500 ಕಾರುಗಳತ್ತ ನೋಡಿದರು. 1957ರಲ್ಲಿ ಬಂದ ಈ ಎರಡೂ ಕಾರುಗಳ ತಳಪಾಯ ಮೈನರ್‌ನದೇ, ಎಂಜಿನ್ ಮಾತ್ರ 1489 ಸಿಸಿ, ಆಕ್ಸಲ್ 3.73. ಆಕ್ಸಲ್ ದಪ್ಪ, ಬ್ರೇಕೂ ದೊಡ್ಡದು. ಆದರೆ 3.73 ಅನುಪಾತವನ್ನು 948 ಸಿಸಿಯ ಮೈನರ್‌ಗೆ ಹಾಕಿದರೆ ಸಿಗುವುದು ಬಯಲಿನಲ್ಲಿ ಸುಖ, ಏರಿನಲ್ಲಿ ಸಂಕಟ. 37 ಅಶ್ವಶಕ್ತಿಯ ಎಂಜಿನ್ನಿನ ಕೈಗೆ ಒಂದೂವರೆ ಲೀಟರ್ ಎಂಜಿನ್ನಿಗೆ ಲೆಕ್ಕ ಹಾಕಿದ ಹೊರೆಯನ್ನು ಕೊಟ್ಟಂತಾಗುತ್ತದೆ. ಎದುರುಗಾಳಿ ಬೀಸಿದರೂ ಮೂರನೆಯ ಗೇರಿಗೆ ಇಳಿಯಬೇಕಾಗಿ, ಉಳಿಸಿದ ಸುತ್ತುಗಳೆಲ್ಲ ಅಲ್ಲಿ ಖರ್ಚಾಗುತ್ತವೆ. 1098 ಸಿಸಿ ಮೈನರ್‌ಗೆ 3.9 ಹಿತವಾದ ಮಿತಿ ಎನ್ನಬಹುದು. ಅದಕ್ಕಿಂತ ಕೆಳಗೆ ಹೋಗುವವರು ಎಂಜಿನ್ನನ್ನೂ ಬಲಪಡಿಸಿರಬೇಕು. ಹಾಗೆ ಬಲಪಡಿಸಿದಾಗ ಇನ್ನೊಂದು ತೊಂದರೆ ತಲೆಯೆತ್ತುತ್ತದೆ: ಜೋರಾಗಿ ಹೊರಟಾಗ ಲೀಫ್ ಸ್ಪ್ರಿಂಗುಗಳು ಎಸ್ ಆಕಾರಕ್ಕೆ ತಿರುಚಿಕೊಂಡು ಆಕ್ಸಲ್ ಕುಣಿಯುತ್ತದೆ. ಅದನ್ನು ತಡೆಯಲು ಸ್ಪ್ರಿಂಗಿನ ಜೊತೆಗೆ ಹಿಡಿತದ ಕಂಬಿಗಳನ್ನು ಕಟ್ಟುತ್ತಾರೆ. ದೊಡ್ಡ ಎಂಜಿನ್ ಕೂರಿಸಿದವರು ಫೋರ್ಡ್ ಎಸ್ಕಾರ್ಟ್ ಅಥವಾ ಮಾರಿಸ್ ಮರೀನಾದ ಆಕ್ಸಲ್ ಹಾಕುವುದುಂಟು. ಎಸ್ಕಾರ್ಟಿನ ಚಕ್ರದ ಬೋಲ್ಟುಗಳು 108 ಮಿಲಿಮೀಟರ್ ವೃತ್ತದಲ್ಲಿದ್ದರೆ ಮೈನರ್‌ನವು 4 ಇಂಚಿನ ವೃತ್ತದಲ್ಲಿವೆ. ಹಾಗಾಗಿ ಹಿಂದೊಂದು ಮುಂದೊಂದು ಬಗೆಯ ಚಕ್ರ ಬಂದು, ಒಂದೇ ಸ್ಟೆಪ್ನಿ ಎರಡಕ್ಕೂ ಆಗದ ಪೇಚಿಗೆ ಸಿಲುಕುತ್ತಾರೆ.

ಇಂಥ ಮನೆಯೊಳಗಿನ ಬದಲಾವಣೆಗಳು ಬೇರೆಡೆಯೂ ಇವೆ. ಎಂಜಿಎ (1955–62) ಕಾರಿನ 4.3ರ ಜಾಗದಲ್ಲಿ ಆರಂಭಿಕ ಎಂಜಿಬಿಯ 3.909ರ ಗಡ್ಡೆ ಕೂರುತ್ತದೆ. ಎಂಜಿ ಟಿಡಿಯ 5.125 ಅನುಪಾತಕ್ಕೆ ಬೇಸತ್ತವರು ಎಂಜಿಎಯ ಗೇರುಗಳನ್ನು ಒಂದಿಷ್ಟು ಲೇತ್ ಕೆಲಸ ಮಾಡಿಸಿ ಹೊಂದಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ 1940ರ ದಶಕದ ಕೊನೆಯ ಷೆವ್ರೊಲೆಗಳು 4.11ರಲ್ಲಿ ಓಡುತ್ತಿದ್ದವು. 1950ರಲ್ಲಿ ಪವರ್‌ಗ್ಲೈಡ್ ಆಟೋಮ್ಯಾಟಿಕ್ ಬಂದಾಗ ಅದಕ್ಕೆ 3.55ರ ಆಕ್ಸಲ್ ಬಂತು. ಆ ಕಾಲದ ಪವರ್‌ಗ್ಲೈಡ್ ಕಾರುಗಳ ಆಕ್ಸಲಿಗಾಗಿ ಗುಜರಿ ಅಂಗಡಿಗಳಲ್ಲಿ ಜನ ಹುಡುಕಾಡಿದ್ದು ಆ ಕಾರಣಕ್ಕೆ.

ಇಡೀ ಆಕ್ಸಲಿನ ಕಸಿ

ಕುಟುಂಬದೊಳಗೆ ಹೊಂದುವ ಗೇರು ಸಿಗದಾಗ, ಇಲ್ಲವೇ ವಿ-8 ಎಂಜಿನ್ ಇಳಿಸಿದಾಗ ಇಡೀ ಆಕ್ಸಲ್ ಬದಲಿಸಬೇಕಾಗುತ್ತದೆ. ಅಮೆರಿಕದ ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಹಳೆಯ) ಕಾರುಗಳಲ್ಲಿ 1957ರಿಂದ 1986ರವರೆಗೆ ತಯಾರಾದ ಫೋರ್ಡ್ 9 ಇಂಚಿನ ಆಕ್ಸಲಿಗೆ ಮೊದಲ ಪ್ರಾಶಸ್ತ್ಯ. ಷೆವ್ರೊಲೆ ಎಸ್-10 ಪಿಕಪ್ಪಿನ ಆಕ್ಸಲ್ ಕಡಿಮೆ ಅಗಲದ್ದಾದ್ದರಿಂದ 1930–50ರ ದಶಕಗಳ ಕಾರುಗಳಿಗೆ ಒಪ್ಪುತ್ತದೆ.

ಇಲ್ಲಿ ಬಹಳ ಜನ ಎಡವುವುದು ಟಾರ್ಕ್ ಟ್ಯೂಬ್ ವಿಚಾರದಲ್ಲಿ. ಯುದ್ಧಪೂರ್ವದ ಫೋರ್ಡ್‌ಗಳಲ್ಲಿ, 1954ರವರೆಗಿನ ಷೆವ್ರೊಲೆಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಒಂದು ಗಟ್ಟಿ ಕೊಳವೆಯೊಳಗೆ ಇರುತ್ತದೆ. ಆ ಕೊಳವೆ ಬರಿಯ ಹೊದಿಕೆಯಲ್ಲ. ಚಕ್ರಗಳು ಕಾರನ್ನು ಮುಂದೆ ತಳ್ಳುವ ಬಲ ಅದರ ಮೂಲಕವೇ ಚಾಸಿಗೆ ತಲುಪುತ್ತದೆ, ಆಕ್ಸಲ್ ತನ್ನ ಅಕ್ಷದ ಸುತ್ತ ಹೊರಳದಂತೆ ತಡೆಯುವುದೂ ಅದೇ. ಸ್ಪ್ರಿಂಗಿನ ಕೆಲಸ ಭಾರ ಹೊರುವುದಷ್ಟೇ. ಹೊಸ ಆಕ್ಸಲ್ ತೆರೆದ ಪ್ರೊಪೆಲ್ಲರ್ ಶಾಫ್ಟಿನದಾಗಿದ್ದರೆ ಆ ಎರಡೂ ಕೆಲಸಗಳು ಅನಾಥವಾಗುತ್ತವೆ. ಉದ್ದಕ್ಕೆ ಹಾಕಿದ ಲೀಫ್ ಸ್ಪ್ರಿಂಗುಗಳಿದ್ದು, ಅವುಗಳ ಮುಂದಿನ ತುದಿ ಚಾಸಿಗೆ ಬಿಗಿಯಾಗಿದ್ದರೆ ಸ್ಪ್ರಿಂಗುಗಳೇ ಅದನ್ನು ನಿಭಾಯಿಸಬಲ್ಲವು. ಮಾಡೆಲ್ ಎಯಂತೆ ಅಡ್ಡಕ್ಕೆ ಹಾಕಿದ, ಎರಡೂ ತುದಿಯಲ್ಲಿ ತೂಗಾಡುವ ಕೊಂಡಿಗಳಿರುವ ಸ್ಪ್ರಿಂಗ್ ಆದರೆ ಆಕ್ಸಲನ್ನು ಹಿಡಿದಿಡಲು ಏನೂ ಉಳಿಯುವುದಿಲ್ಲ. ಪ್ರತ್ಯೇಕ ರಾಡುಗಳನ್ನು ಚಾಸಿಗೆ ಕಟ್ಟಲೇಬೇಕು.

ಉಳಿದದ್ದು ಅಳತೆಯ ಕೆಲಸ. ಎರಡು ಹಬ್‌ಗಳ ನಡುವಿನ ಅಗಲ, ಸ್ಪ್ರಿಂಗ್ ಕೂರುವ ಪೀಠಗಳ ಅಂತರ, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಪಿನಿಯನ್ನಿನ ಮೂತಿ ಗೇರ್‌ಬಾಕ್ಸಿನ ಹಿಂತುದಿಗೆ ಸಮಾಂತರವಾಗಿ ನಿಲ್ಲುವ ಕೋನ. ಕೋನ ತಪ್ಪಿದರೆ ಕ್ರಾಸ್ ಜಾಯಿಂಟುಗಳು ನಡುಗುತ್ತವೆ. ಪೀಠಗಳನ್ನು ಬೆಸುಗೆ ಹಾಕುವಾಗ ಒಂದೇ ಕಡೆ ಬಿಸಿ ಮಾಡುತ್ತ ಹೋದರೆ ಆಕ್ಸಲ್ ಕೊಳವೆ ಬಾಗುತ್ತದೆ, ಬೇರಿಂಗು ಬೇಗ ಹಾಳಾಗುತ್ತದೆ. ತಂತಿ ಚಕ್ರದ ಎಂಜಿಬಿಗೂ ಸಾದಾ ಚಕ್ರದ ಎಂಜಿಬಿಗೂ ಆಕ್ಸಲ್ ಅಗಲ ಬೇರೆ ಎಂಬುದನ್ನು ಮರೆತವರ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಬ್ರೇಕಿನ ಸಮತೋಲ ಇವೆಲ್ಲಕ್ಕಿಂತ ಗಂಭೀರ. ಹಿಂದೆ ಆಧುನಿಕ ಹೈಡ್ರಾಲಿಕ್ ಡ್ರಮ್ಮು, ಮುಂದೆ ಹಳೆಯ ದುರ್ಬಲ ಬ್ರೇಕು ಇದ್ದರೆ ಒದ್ದೆ ರಸ್ತೆಯಲ್ಲಿ ಹಿಂಚಕ್ರಗಳು ಮೊದಲು ಕಚ್ಚಿಕೊಂಡು ಕಾರು ತಿರುಗಿಬಿಡುತ್ತದೆ.

ಜೀಪುಗಳಿಗೆ ಬೇರೆಯದೇ ನಿಯಮವಿದೆ. ಯುದ್ಧಕಾಲದ ವಿಲ್ಲಿಸ್ ಎಂಬಿಯ ಅನುಪಾತ 4.88, ನಾಗರಿಕ ಬಳಕೆಯ ಸಿಜೆ-3ಬಿಯದು 5.38. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಗಾಡಿಯಲ್ಲಿ ಹಿಂದಿನ ಅನುಪಾತವನ್ನು ಮಾತ್ರ ಬದಲಿಸಿದರೆ ಮುಂದಿನ ಹಿಂದಿನ ಶಾಫ್ಟುಗಳು ಒಂದನ್ನೊಂದು ತಿರುಚಿ ಏನಾದರೊಂದು ಮುರಿಯುತ್ತದೆ, ಆದ್ದರಿಂದ ಎರಡನ್ನೂ ಬದಲಿಸಬೇಕು. ಮಲೆನಾಡಿನ, ಕೊಡಗಿನ ತೋಟಗಳಲ್ಲಿ ದುಡಿಯುವ ಜೀಪಿಗೆ ಆ ದೊಡ್ಡ ಅನುಪಾತವೇ ಬೇಕು. ಹೆದ್ದಾರಿಯ ಆಸೆಯಿಂದ ಅದನ್ನು ಇಳಿಸಿದ ಗಾಡಿ ಕೆಸರಿನ ಏರಿನಲ್ಲಿ ಕ್ಲಚ್ ಸುಟ್ಟುಕೊಳ್ಳುತ್ತದೆ.

ಜೋಡಣೆ

ಕ್ರೌನ್ ಮತ್ತು ಪಿನಿಯನ್ ಜೊತೆಯಾಗಿ ಉಜ್ಜಿ ಹೊಂದಿಸಿದ ಗೇರುಗಳು. ಒಂದು ಜೋಡಿಯದ್ದನ್ನು ಇನ್ನೊಂದು ಜೋಡಿಗೆ ಸೇರಿಸಬಾರದು. ಪಿನಿಯನ್ ಎಷ್ಟು ಒಳಗೆ ಕೂರಬೇಕು, ಹಲ್ಲುಗಳ ನಡುವೆ ಎಷ್ಟು ಸಡಿಲ ಇರಬೇಕು, ಬೇರಿಂಗು ಎಷ್ಟು ಬಿಗಿಯಿರಬೇಕು ಎಂಬ ಮೂರನ್ನೂ ತೆಳು ಶಿಮ್‌ಗಳಿಂದ ಸರಿಪಡಿಸುತ್ತಾರೆ. ಸಡಿಲವನ್ನು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗಗಳಲ್ಲಿ ಡಯಲ್ ಗೇಜಿನಿಂದ ಅಳೆಯುತ್ತಾರೆ. ಆಮೇಲೆ ಕೆಲವು ಹಲ್ಲುಗಳಿಗೆ ಬಣ್ಣ ಬಳಿದು ತಿರುಗಿಸಿ, ಅಚ್ಚು ಹಲ್ಲಿನ ನಡುವೆ ಬಿದ್ದಿದೆಯೇ ಎಂದು ನೋಡುತ್ತಾರೆ. ಅಚ್ಚು ತುದಿಗೋ ಬುಡಕ್ಕೋ ಸರಿದಿದ್ದರೆ ಓಡುವಾಗ ಊಳಿಡುವ ಸದ್ದು ಬರುತ್ತದೆ, ಆ ಸದ್ದು ಎಣ್ಣೆ ಬದಲಿಸಿದರೆ ಹೋಗುವುದಿಲ್ಲ.

ಎಣ್ಣೆಯ ವಿಷಯದಲ್ಲೂ ಎಚ್ಚರ ಬೇಕು. 1926ರಲ್ಲಿ ಪ್ಯಾಕರ್ಡ್ ಬಳಕೆಗೆ ತಂದ ಹೈಪಾಯ್ಡ್ ಗೇರಿನಲ್ಲಿ ಪಿನಿಯನ್ ಕ್ರೌನಿನ ಕೇಂದ್ರಕ್ಕಿಂತ ಕೆಳಗಿರುತ್ತದೆ. ಅದರಿಂದ ಶಾಫ್ಟ್ ತಗ್ಗಿ ಕಾರಿನ ನೆಲ ತಗ್ಗಿತು, ಆದರೆ ಹಲ್ಲುಗಳು ಉರುಳುವುದರ ಜೊತೆ ಜಾರುವುದೂ ಹೆಚ್ಚಿತು. ಅಧಿಕ ಒತ್ತಡಕ್ಕೆಂದು ಗಂಧಕದ ಸಂಯುಕ್ತ ಬೆರೆಸಿದ ಎಣ್ಣೆ ಅದಕ್ಕೆ ಬೇಕು. ಅದೇ ಬಗೆಯ ಎಣ್ಣೆಯನ್ನು ಕಂಚಿನ ವಾಷರು, ಬುಷ್ ಇರುವ ಹಳೆಯ ಆಕ್ಸಲಿಗೆ ಸುರಿದರೆ ಆ ಲೋಹ ಸವೆಯುವ ಅಪಾಯವಿದೆ.

ಸ್ಪೀಡೋಮೀಟರಿನ ಕೇಬಲ್ ಗೇರ್‌ಬಾಕ್ಸಿನಿಂದ ಹೊರಡುವ ಕಾರುಗಳಲ್ಲಿ ಅದೂ ತಪ್ಪು ಹೇಳತೊಡಗುತ್ತದೆ. 4.555ರ ಜಾಗಕ್ಕೆ 3.9 ಬಂದಾಗ ಮುಳ್ಳು 80 ತೋರಿಸಿದರೆ ಕಾರು 93ರಲ್ಲಿರುತ್ತದೆ. ಮೀಟರಿನ ಒಳಗೇರು ಬದಲಿಸಬೇಕು, ಇಲ್ಲವೇ ಕೇಬಲ್ ನಡುವೆ ಚಿಕ್ಕ ಗೇರುಪೆಟ್ಟಿಗೆ ಹಾಕಬೇಕು. ಆಕ್ಸಲ್ ಬದಲಿಸಿದ ಮೇಲೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ ಎಂದು ದೂರುವ ಕೆಲವರ ಕಾರಿನಲ್ಲಿ ನಿಜವಾದ ದೋಷ ಕಡಿಮೆ ದೂರ ತೋರಿಸುವ ಈ ಮೀಟರಿನದೇ ಆಗಿರುತ್ತದೆ.

ಮೂಲಸ್ವರೂಪ ಮತ್ತು ಕಾನೂನು

ಅಂತರರಾಷ್ಟ್ರೀಯ ಹಳೆಯ ವಾಹನಗಳ ಒಕ್ಕೂಟವಾದ ಫಿವಾ ಒಪ್ಪಿಕೊಂಡಿರುವ ಟ್ಯೂರಿನ್ ಚಾರ್ಟರ್, ಅನಿವಾರ್ಯ ಬದಲಾವಣೆಗಳು ಎದ್ದುಕಾಣದಂತಿರಲಿ, ಹಿಂದಿನ ಸ್ಥಿತಿಗೆ ತರುವಂತಿರಲಿ, ತೆಗೆದ ಮೂಲಭಾಗಗಳು ಕಾರಿನ ಜೊತೆಗೇ ಉಳಿಯಲಿ ಎನ್ನುತ್ತದೆ. ಬ್ರಿಟನ್ನಿನಲ್ಲಿ ಮೂಲ ನೋಂದಣಿ ಸಂಖ್ಯೆ ಉಳಿಸಿಕೊಳ್ಳಲು ದೀರ್ಘಕಾಲ ಬಳಕೆಯಲ್ಲಿದ್ದ ಅಂಕಗಳ ಲೆಕ್ಕದಲ್ಲಿ ಕನಿಷ್ಠ ಎಂಟು ಅಂಕ ಬೇಕಿತ್ತು. ಅದರಲ್ಲಿ ಚಾಸಿಗೆ ಐದು, ಎರಡು ಆಕ್ಸಲ್‌ಗಳಿಗೆ ಸೇರಿ ಎರಡು, ಎಂಜಿನ್ನಿಗೆ ಒಂದೇ ಒಂದು. ಎಂಜಿನ್ನಿಗಿಂತ ಆಕ್ಸಲ್ ಹೆಚ್ಚು ತೂಗುತ್ತಿತ್ತೆಂಬುದು ಗಮನಾರ್ಹ.

ಭಾರತದಲ್ಲಿ 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ 50 ವರ್ಷ ದಾಟಿದ, ಮೂಲಸ್ವರೂಪದಲ್ಲೇ ಇರುವ, ಗಣನೀಯವಾಗಿ ಮಾರ್ಪಾಡಾಗದ ಕಾರು ಮತ್ತು ದ್ವಿಚಕ್ರ ವಾಹನಗಳನ್ನು ವಿಂಟೇಜ್ ಎಂದು ಗುರುತಿಸುತ್ತದೆ. ನೋಂದಣಿ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ, ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆ ವಾಹನಗಳನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಚಾಸಿ, ಬಾಡಿ, ಎಂಜಿನ್ನುಗಳ ಮಾರ್ಪಾಡನ್ನು ನಿಯಮ ಹೆಸರಿಸಿಯೇ ತಡೆಯುತ್ತದೆ. ಕವಚ ಹಾಗೆಯೇ ಉಳಿದು ಒಳಗಿನ ಎರಡು ಗೇರು ಮಾತ್ರ ಬದಲಾದ ಕಾರು ತಪಾಸಣೆಯಲ್ಲಿ ಬೇರೆಯಾಗಿ ಕಾಣುವುದಿಲ್ಲ. ಸ್ಪ್ರಿಂಗ್ ಪೀಠ ಬೆಸೆದು, ಚಾಸಿಗೆ ಹೊಸ ರಾಡುಗಳನ್ನು ಕಟ್ಟಿದ ಕಾರಿನ ಮಾಲೀಕ ಮಾತ್ರ ಚಾಸಿ ಮಾರ್ಪಟ್ಟಿಲ್ಲ ಎಂದು ವಾದಿಸುವುದು ಕಷ್ಟ.